ಬದುಕಿದವನ ಚಿತ್ರ

ವಾರಿಜಾಕ್ಷಿಯ ಮನೆಯಲ್ಲಿ ಊಟದ ಮೇಜಿನ ಮೇಲೆ ಊಟ ಮಾಡುವುದು ನಿಂತೇ ಹೋಗಿತ್ತು. ಅಲ್ ಖುವೈರಿನ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳಕು ಚೆನ್ನಾಗಿ ಬೀಳುವ ಜಾಗ ಅದೊಂದೇ. ಅದನ್ನು ಮಗಳು ಹರಿಣಾಕ್ಷಿ ಹಿಡಿದುಕೊಂಡಿದ್ದಳು. ಹತ್ತನೆಯ ಕ್ಲಾಸಿನ ಹುಡುಗಿ. ಶಾಲೆಯಿಂದ ಬಂದು ಚೀಲ ಇಳಿಸಿದವಳೇ ಕೈ ತೊಳೆದು, ಮೇಜಿನ ಮೇಲೆ ದಪ್ಪ ಹಾಳೆ ಹಾಸಿ, ಪಕ್ಕದಲ್ಲಿ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಇಟ್ಟುಕೊಂಡು ಕೂತರೆ ಮುಗಿಯಿತು. ಉಳಿದವರು ನೆಲದ ಮೇಲೆ ಹಳೆಯ ಪೇಪರು ಹಾಸಿ ಉಣ್ಣಬೇಕು.

"ಸತ್ತವರಿಗೆ ಮೇಜು, ಬದುಕಿದವರಿಗೆ ನೆಲ," ಎಂದರು ಅತ್ತೆ ಉಮಾವತಿ, ಮಂಡಿ ಹಿಡಿದುಕೊಂಡು ಕೆಳಗೆ ಕೂರುತ್ತಾ. ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದು ಅವರಿಗೆ ಇನ್ನೂ ವಾರ ತುಂಬಿರಲಿಲ್ಲ. "ಮಸ್ಕತ್ತಿನ ಮನೆ ಅಂದ್ರೆ ಎಂತೋ ಅಂತ ಎಣಿಸಿದ್ದೆ."

"ಮೆಲ್ಲಗೆ ಅತ್ತೆ, ಅವಳಿಗೆ ಕೇಳ್ತದೆ."

"ಕೇಳ್ಲಿ ಅಂತಲೇ ಹೇಳೋದು."

ಹರಿಣಾಕ್ಷಿ ತಲೆ ಎತ್ತಲಿಲ್ಲ. "ಐ ಕ್ಯಾನ್ ಹಿಯರ್ ಯು, ಅಜ್ಜಿ," ಎಂದಷ್ಟೇ ಹೇಳಿ, ಯಾರದೋ ಹುಬ್ಬನ್ನು ರಬ್ಬರಿನ ಮೂಲೆಯಿಂದ ಸ್ವಲ್ಪವೇ ಅಳಿಸಿದಳು.

ಇದೆಲ್ಲ ಶುರುವಾದದ್ದು ಕೊಲ್ಲಿ ಯುದ್ಧ ಮುಗಿದ ವರ್ಷ, ತುಕ್ರ ತೀರಿಕೊಂಡಾಗ. ವಾರಿಜಾಕ್ಷಿಯ ಗಂಡ ಭೋಜರಾಜ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ಗುಮಾಸ್ತ. ಕೆಲಸಗಾರರ ಪಾಸ್‌ಪೋರ್ಟು, ರಜೆ, ಟಿಕೇಟು, ಯಾರಾದರೂ ಸತ್ತರೆ ಹೆಣ ಊರಿಗೆ ಕಳಿಸುವ ಕಾಗದಪತ್ರ, ಎಲ್ಲವೂ ಅವನ ಕೈಯಿಂದಲೇ ಹೋಗಬೇಕು. ತುಕ್ರ ಉಡುಪಿಯ ಆಚೆಯವನು, ಇವರ ಊರಿಗೆ ಹತ್ತಿರ. ಅಲ್ ಮಬೇಲಾದ ಕೆಲಸಗಾರರ ಕ್ಯಾಂಪಿನಲ್ಲಿ ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಪೆಟ್ಟಿಗೆ ವಿಮಾನ ಹತ್ತಿದ ಮೇಲೆ, ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅವನ ಊರಿನವನೇ ಆದ ಕೊಗ್ಗ ಮನೆ ಹುಡುಕಿಕೊಂಡು ಬಂದ.

"ಭೋಜಣ್ಣ, ಅವನ ಮನೆಯಲ್ಲಿ ಗೋಡೆಗೆ ಹಾಕ್ಲಿಕ್ಕೆ ಒಂದು ಫೋಟೋ ಇಲ್ಲ. ಬೊಜ್ಜಕ್ಕೆ, ಉತ್ತರಕ್ರಿಯೆಗೆ ಬೇಕಲ್ಲ."

ಕಂಪನಿಯ ಫೈಲಿನಲ್ಲಿದ್ದ ಪಾಸ್‌ಪೋರ್ಟ್ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದರೆ ಮುಖವೆಲ್ಲ ಮಸುಕಾಗಿ ಬಂತು, ಧೂಳಿನ ಗಾಳಿಯಲ್ಲಿ ನಿಂತವನ ಹಾಗೆ. ಹೋಂವರ್ಕ್ ಮಾಡುತ್ತಿದ್ದ ಹರಿಣಾಕ್ಷಿ ಎದ್ದು ಬಂದು ನೋಡಿ, "ನಾನು ಮಾಡಿ ಕೊಡ್ಲಾ?" ಎಂದಳು. ನಗುವಾಗ ಹಲ್ಲು ಕಾಣುತ್ತಿತ್ತಾ, ಬೈತಲೆ ಯಾವ ಕಡೆ, ಕೆನ್ನೆ ಹೀಗೇ ಒಳಗೆ ಹೋಗಿತ್ತಾ ಎಂದು ಕೊಗ್ಗನನ್ನು ಕೇಳಿ ಕೇಳಿ ಬರೆದಳು. ಮುಗಿದದ್ದನ್ನು ಕೊಗ್ಗ ದೂರ ಹಿಡಿದು ನೋಡಿದ. "ಇವ ಈಗ ಬೀಡಿ ಕೇಳ್ತಾನೆ ನೋಡಿ ಅಕ್ಕ," ಎಂದು ಹೇಳಿ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ರಜೆಯಲ್ಲಿ ಊರಿಗೆ ಹೋಗುವವರ ಕೈಯಲ್ಲಿ ಕಟ್ಟು ಕಳಿಸುವುದು ಗಲ್ಫಿನವರಿಗೆ ರೂಢಿ. ಸೆಂಟು, ಬಟ್ಟೆ, ಹಾಲಿನ ಪುಡಿ, ಯಾರದೋ ಮಗುವಿಗೆ ಚಪ್ಪಲಿ. ಹಾಗೆಯೇ ತುಕ್ರನ ಚಿತ್ರವೂ ಹೋಯಿತು. ಆಮೇಲೆ ಒಬ್ಬೊಬ್ಬರಾಗಿ ಬೇರೆಯವರು ಬಂದರು. ಹೆದ್ದಾರಿಯಲ್ಲಿ ಸತ್ತವನ ತಮ್ಮ, ಕಾಮಾಲೆಯಲ್ಲಿ ಹೋದವನ ಭಾವ. ಒಂದೊಂದು ಫೋಟೋದ ಹಿಂದೆಯೂ ಅಂಟು ಒಣಗಿರುತ್ತಿತ್ತು. ಯಾರಿಗೂ ಹರಿಣಾಕ್ಷಿ ಇಲ್ಲ ಎನ್ನಲಿಲ್ಲ. ಊರಿಗೆ ಒಂದು ಕಳಿಸಿ, ತನಗೆ ಒಂದು ಬರೆದಿಟ್ಟುಕೊಳ್ಳುತ್ತಿದ್ದಳು.

ಮನೆಯೊಳಗೆ ಸಿಡುಕುತ್ತಿದ್ದ ಉಮಾವತಿ, ಪಕ್ಕದ ಫ್ಲ್ಯಾಟಿನ ಡೊರೊತಿ ಬಂದಾಗ ಮಾತ್ರ ಬೇರೆಯೇ ರಾಗ ಎಳೆಯುತ್ತಿದ್ದರು. "ನಮ್ಮ ಕಡೆ ಇವಳ ಚಿತ್ರ ಯಾರಿಗೆ ಗೊತ್ತಿಲ್ಲ ಹೇಳಿ? ತುಕ್ರನ ಮನೆಯಲ್ಲಿ ಮಾಲೆ ಹಾಕಿ ದೀಪ ಇಟ್ಟಿದ್ದಾರೆ. ಹೊಳೆಯ ಆಚೆಗೂ ಎರಡು ಮನೆಗೆ ಬಂತು. ಮಸ್ಕತ್ತಿನ ಪೆನ್ಸಿಲ್ ಚಿತ್ರ ಅಂದ್ರೆ ಜನ ನೋಡ್ಲಿಕ್ಕೆ ಬರ್ತಾರೆ."

ವಾರಿಜಾಕ್ಷಿಗೆ ಆ ಹೆಮ್ಮೆ ಬೇಡವಾಗಿತ್ತು. ಮಗಳು ಎರಡು ತುತ್ತಿಗೆ ಕೈ ತೊಳೆಯುತ್ತಿದ್ದಳು. ಗೆಳತಿ ಡಾಲಿಯ ಹುಟ್ಟುಹಬ್ಬಕ್ಕೆ ಹೋಗಲಿಲ್ಲ. ಶಾಲೆಯಿಂದ ಮಕ್ಕಳನ್ನು ರುಸ್ತಾಕಿಗೆ ಕರೆದುಕೊಂಡು ಹೋದಾಗ ಎಲ್ಲರೂ ಕೋಟೆಯನ್ನು ಬರೆದು ತಂದರೆ, ಇವಳು ಬರಿಗೈಯಲ್ಲಿ ಬಂದಳು.

"ಇನ್ನು ಫೋಟೋ ತರಬೇಡಿ," ಎಂದಳು ಗಂಡನಿಗೆ, ಮೀನಿಗೆ ಮಸಾಲೆ ಹಚ್ಚುತ್ತಾ.

"ನಾನು ತರುವುದಾ? ಅವರು ಬಂದು ಕೇಳ್ತಾರೆ. ಇಲ್ಲ ಅನ್ನುವ ಬಾಯಿ ನನಗಿಲ್ಲ ಮಾರಾಯ್ತಿ."

"ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಹುಡುಗಿ ದಿನಾ ಹೆಣದ ಜೊತೆ ಕೂತ್ರೆ ಏನಾದೀತು?"

"ಹೆಣ ಅಲ್ಲ ಅಮ್ಮ," ಎಂದಳು ಹರಿಣಾಕ್ಷಿ ಹೊರಗಿನಿಂದ. "ಫೋಟೋ ತೆಗೆಯುವಾಗ ಅವರೆಲ್ಲ ಬದುಕಿದ್ರು. ಹೊಸ ಶರ್ಟ್ ಹಾಕಿದ್ದಾರೆ ನೋಡಿ. ಗಲ್ಫಿಗೆ ಬರುವ ಖುಷಿ."

ವಾರಿಜಾಕ್ಷಿ ಮಸಾಲೆಯ ಕೈ ತೊಳೆದು ಒಲೆ ಹಚ್ಚಿದಳು.

ನವೆಂಬರಿನಲ್ಲಿ ಶಾಲೆಯಲ್ಲಿ, ಮುಂದಿನ ತಿಂಗಳು ಚಿತ್ರ ಪ್ರದರ್ಶನವೆಂದಾಯಿತು. ದೊಡ್ಡ ಕ್ಲಾಸಿನ ಮಕ್ಕಳು ತಮ್ಮ ಮನಸ್ಸಿಗೆ ನಾಟಿದ್ದನ್ನು ಬರೆಯಬೇಕು. ಹರಿಣಾಕ್ಷಿ ತಾನು ಬರೆದಿಟ್ಟ ಮುಖಗಳನ್ನೆಲ್ಲ ಸುರುಳಿ ಸುತ್ತಿ ತೆಗೆದುಕೊಂಡು ಹೋದಳು. ಮರುದಿನ ಡ್ರಾಯಿಂಗ್ ಟೀಚರ್ ಕ್ಯಾರೋಲಿನ್ ತಾಯಿಯನ್ನು ಕರೆಸಿದರು. ಮಂಗಳೂರಿನ ಹೆಂಗಸು, ತಲೆಯೆಲ್ಲ ನರೆತಿತ್ತು. ವಾರಿಜಾಕ್ಷಿಗೆ ಕುರ್ಚಿ ಎಳೆದುಕೊಟ್ಟು, ತಮ್ಮ ಫ್ಲಾಸ್ಕಿನ ಚಹಾ ಅರ್ಧ ಬಗ್ಗಿಸಿಕೊಟ್ಟರು.

"ಇವಳ ಕೈ ಒಳ್ಳೇದುಂಟು. ಇಷ್ಟು ವರ್ಷದಲ್ಲಿ ನಾನು ಇಂಥ ಕೈ ನೋಡಿಲ್ಲ. ಆದ್ರೆ ಇವರೆಲ್ಲ ಅಲುಗಾಡದವರು, ಅಲ್ವಾ? ಅಲುಗಾಡುವ ಒಬ್ಬರನ್ನು ಎದುರಿಗೆ ಕೂರಿಸಿ ಬರೀಲಿ. ಅದನ್ನು ನಡುವಿಗೆ ಹಾಕ್ತೇನೆ, ಇವರನ್ನೆಲ್ಲ ಸುತ್ತ ಹಾಕ್ತೇನೆ."

ವಾರಿಜಾಕ್ಷಿ ಆ ಮಾತನ್ನು ಡಾಕ್ಟರು ಬರೆದುಕೊಟ್ಟ ಔಷಧಿಯಂತೆ ಜೋಪಾನವಾಗಿ ಮನೆಗೆ ತಂದಳು. ಯಾರನ್ನು ಕೂರಿಸುವುದು? ಭೋಜರಾಜ ಕುರ್ಚಿಯಲ್ಲಿ ಕೂತರೆ ನಿದ್ದೆ ಹೋಗುತ್ತಿದ್ದ. "ನನ್ನದು ನಾನು ಸತ್ತ ಮೇಲೆ ಬರಿ, ಆಗ ಮಾತಾಡದೆ ಕೂತಿರ್ತೇನೆ," ಎಂದರು ಉಮಾವತಿ. ಕೊನೆಗೆ ಶುಕ್ರವಾರ ರಜೆಯಲ್ಲಿ ಬಂದ ಕೊಗ್ಗನನ್ನೇ ಹಿಡಿದು ಕಿಟಕಿಯ ಹತ್ತಿರ ಕೂರಿಸಿದ್ದಾಯಿತು.

ಕೊಗ್ಗನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಮೂಗು ತುರಿಸಿತು, ಕಾಲು ಜೋಮು ಹಿಡಿಯಿತು, ಅಡುಗೆಮನೆಯ ಬಂಗುಡೆಯ ವಾಸನೆಗೆ ಮುಖ ಆ ಕಡೆ ತಿರುಗಿತು.

"ಕೊಗ್ಗಣ್ಣ, ಪ್ಲೀಸ್."

"ಮೀನು ಕರೀತಾ ಇರುವಾಗ ಹಂದಾಡಬೇಡ ಅಂದ್ರೆ ಹೇಗೆ ಮಗಾ? ನಾನು ಪಾಸ್‌ಪೋರ್ಟ್ ಫೋಟೋವಾ?"

ಹರಿಣಾಕ್ಷಿ ನಕ್ಕಳು. ಒಲೆಯ ಮುಂದೆ ನಿಂತಿದ್ದ ವಾರಿಜಾಕ್ಷಿಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಅಂದು ಹುಡುಗಿ ಎಲ್ಲರ ಜೊತೆ ನೆಲಕ್ಕೆ ಕೂತು ಉಂಡಳು. ಉಮಾವತಿ ಮೀನಿನ ನಡುವಿನ ತುಂಡನ್ನು ಯಾರೂ ಕಾಣದ ಹಾಗೆ ಕೊಗ್ಗನ ಬಟ್ಟಲಿಗೆ ದಾಟಿಸಿದರು.

ಹೀಗೆ ಕೆಲವು ಶುಕ್ರವಾರ ಕಳೆದವು. ಕೊಗ್ಗ ಬರುವಾಗ ಕ್ಯಾಂಪಿನ ಹತ್ತಿರದ ಅಂಗಡಿಯಿಂದ ಒಂದು ಹಿಡಿ ಲಿಂಬೆ ತರುತ್ತಿದ್ದ. ಕೂತಲ್ಲೇ ತನ್ನ ಅಮ್ಮನ ಕಥೆ ಹೇಳುತ್ತಿದ್ದ. ಅವನು ಊರು ಬಿಟ್ಟು ಆರು ವರ್ಷ ದಾಟಿತ್ತು. ತಂಗಿಯ ಮದುವೆಯ ಖರ್ಚಿಗೆಂದು ಎರಡು ರಜೆ ಬಿಟ್ಟುಕೊಟ್ಟಿದ್ದ. "ಈಗ ಎದುರು ಹೋಗಿ ನಿಂತ್ರೂ ಅಮ್ಮನಿಗೆ ಗುರುತು ಹತ್ಲಿಕ್ಕಿಲ್ಲ. ಬರುವಾಗ ನಾನು ಹಿಡಿಸೂಡಿ ಕಡ್ಡಿಯ ಹಾಗಿದ್ದೆ."

ಚಿತ್ರದಲ್ಲಿ ಕೊಗ್ಗ ತಲೆಯನ್ನು ಒಂದು ಬದಿಗೆ ವಾಲಿಸಿ, ಏನೋ ಹೇಳಲು ಹೊರಟವನ ಹಾಗೆ ನಗುತ್ತಿದ್ದ. ಡಿಸೆಂಬರಿನ ಪ್ರದರ್ಶನದಲ್ಲಿ ಅದು ನಡುಗೋಡೆಯಲ್ಲಿತ್ತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ ಕೊಗ್ಗ ಸುತ್ತ ಇದ್ದ ಮುಖಗಳಲ್ಲಿ ತುಕ್ರನನ್ನು ಗುರುತಿಸಿ, "ನೀನೂ ಬಂದಿದ್ದಿಯಾ," ಎಂದ. ಕ್ಯಾರೋಲಿನ್ ಟೀಚರ್ ಎಲ್ಲರ ಎದುರು ಹರಿಣಾಕ್ಷಿಯ ಭುಜ ಹಿಡಿದು ನಿಂತರು. ಮನೆಗೆ ಬರುವ ದಾರಿಯಲ್ಲಿ ಹುಡುಗಿ, ಇನ್ನು ಮುಂದೆ ಎದುರಿಗೆ ಕೂತವರನ್ನೇ ಬರೆಯುತ್ತೇನೆ ಎಂದಳು.

ಆ ಸಂತೋಷದಲ್ಲೇ ವಾರಿಜಾಕ್ಷಿಗೆ ಒಂದು ಯೋಚನೆ ಬಂತು. ಡೊರೊತಿಯ ಗಂಡ ಸಿಪ್ರಿಯನ್ ಕ್ರಿಸ್ಮಸ್ ರಜೆಗೆ ಉಡುಪಿಗೆ ಹೊರಟಿದ್ದ.

"ಈ ಚಿತ್ರ ಕೊಗ್ಗನ ಅಮ್ಮನಿಗೆ ಕಳಿಸುವ."

"ಬೇಡ ಅಮ್ಮ. ಅದು ನನ್ನದು. ಒಂದೇ ಇರುವುದು."

"ನಿನಗೆ ಇನ್ನೊಂದು ಬರೀಲಿಕ್ಕೆ ಕೊಗ್ಗ ಇಲ್ಲೇ ಇದ್ದಾನೆ. ಆ ಮುದುಕಿ ಮಗನ ಮುಖ ನೋಡದೆ ಎಷ್ಟು ವರ್ಷ ಆಯ್ತು, ಯೋಚನೆ ಮಾಡು."

ಹರಿಣಾಕ್ಷಿ ಒಂದು ದಿನ ಬಿಟ್ಟು ಒಪ್ಪಿದಳು. ಕೊಗ್ಗನಿಗೆ ಹೇಳುವುದು ಬೇಡ, ಅಮ್ಮನ ಕಾಗದ ಬಂದಾಗ ಅವನಿಗೆ ತಾನೇ ಗೊತ್ತಾಗಲಿ ಎಂದು ತಾಯಿ ಮಗಳು ಮಾತಾಡಿಕೊಂಡರು. ವಾರಿಜಾಕ್ಷಿ ಸುರುಳಿಯ ಜೊತೆಗೆ ತನ್ನ ಕಪಾಟಿನಿಂದ ಒಂದು ಹೊಸ ನೂಲಿನ ಸೀರೆಯನ್ನೂ ಒಂದು ಡಬ್ಬ ಹಾಲಿನ ಪುಡಿಯನ್ನೂ ಇಟ್ಟು ಕಟ್ಟಿದಳು.

ಕ್ರಿಸ್ಮಸ್ಸಿಗೆ ಇನ್ನೂ ನಾಲ್ಕೈದು ದಿನವಿತ್ತು. ಹಬ್ಬದ ಕುಸ್ವಾರ್ ತಿಂಡಿಗಳಿಗೆ ಹಿಟ್ಟು ನಾದುತ್ತಿದ್ದ ಡೊರೊತಿ ಕೈ ಕೂಡ ತೊಳೆಯದೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ವಾರಿಜಕ್ಕ, ಅವರು ಫೋನ್ ಮಾಡಿದ್ರು. ಕೊಗ್ಗನ ಮನೆಯಲ್ಲಿ ಜನ ಸೇರಿದ್ದಾರಂತೆ. ಅವ ಸತ್ತ ಅಂತ."

ಆದದ್ದು ಇಷ್ಟು. ಸಿಪ್ರಿಯನ್ ಹೋದಾಗ ಮುದುಕಿ ಹುಲ್ಲಿಗೆ ಹೋಗಿದ್ದಳು. ಬಾಡಿಗೆಯ ಕಾರು ಕಾಯುತ್ತಿತ್ತು. ಮಸ್ಕತ್ತಿನಿಂದ ಕೊಗ್ಗನ ಮನೆಗೆ ಎಂದು ಹೇಳಿ ಕಟ್ಟನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬಂದ. ಪಕ್ಕದ ಮನೆಯವಳು ಸುರುಳಿಯ ತುದಿ ಬಿಡಿಸಿ ನೋಡಿದಳು. ಸತ್ತವರ ಮನೆಗೆ ಬರುವಂಥದೇ ಪೆನ್ಸಿಲ್ ಚಿತ್ರ. ಜೊತೆಗೆ, ಸೂತಕದ ಮನೆಗೆ ಕೊಡುವ ಹಾಗೆ, ಹೊಸ ಸೀರೆ. ಅಲ್ಲಿಗೆ ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ.

"ಅಯ್ಯೋ, ಬದುಕಿದ್ದಾನೆ ಅಂತ ಹೇಳ್ಲಿಕ್ಕೆ ಹೇಳಿ," ಎಂದಳು ವಾರಿಜಾಕ್ಷಿ.

"ಗೊತ್ತಾದ ಕೂಡಲೇ ಅವರು ಓಡಿ ಹೋಗಿ ಹೇಳಿದ್ದಾರೆ. ನಾನು ಮೊನ್ನೆ ನೋಡಿ ಬಂದಿದ್ದೇನೆ, ಗಟ್ಟಿಮುಟ್ಟಾಗಿದ್ದಾನೆ ಅಂತ. ಅದಕ್ಕೆ ಆ ಮುದುಕಿ, ತುಕ್ರನ ಮನೆಯವರಿಗೂ ಮೊದಲು ಮೂರು ದಿನ ಆಸ್ಪತ್ರೆಯಲ್ಲಿದ್ದಾನೆ ಅಂತಲೇ ಹೇಳಿದ್ದು, ನೀವು ಗಲ್ಫಿನವರು ಹಾಗೇ ಹೇಳೋದು ಅಂದಳಂತೆ."

ಅದು ಸುಳ್ಳೂ ಅಲ್ಲ. ತುಕ್ರನ ಮನೆಗೆ ಹಾಗೆ ಹೇಳಿಸಿದವನು ಭೋಜರಾಜನೇ. ಸುದ್ದಿಯನ್ನು ಒಮ್ಮೆಲೇ ಹೇಳಬಾರದೆಂದು ಎಲ್ಲರೂ ಮಾಡುವ ಉಪಕಾರ ಅದು.

ಅಂದು ಮನೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು.

"ಕಳಿಸುವ ಮೊದಲು ಒಂದು ಮಾತು ನನ್ನನ್ನು ಕೇಳ್ಲಿಕ್ಕೆ ಆಗ್ಲಿಲ್ವಾ?" ಎಂದರು ಉಮಾವತಿ.

"ನೀವಾದ್ರೂ ಹೇಳಿದ್ರಾ ಅತ್ತೆ? ಕಟ್ಟುವಾಗ ಇಲ್ಲೇ ಕೂತಿದ್ರಿ."

ಉಮಾವತಿ ಮಂಡಿ ಹಿಡಿದುಕೊಂಡು ಎದ್ದು ನಿಂತರು.

"ಸಾಕು," ಎಂದ ಭೋಜರಾಜ. "ಹರಿಣಿ, ಪೆನ್ಸಿಲು ಹಾಳೆ ಎಲ್ಲ ಕಟ್ಟಿಡು. ಖಲಾಸ್. ಇನ್ನು ಈ ಮನೆಯಲ್ಲಿ ಚಿತ್ರ ಇಲ್ಲ."

"ನಾನು ಬೇಡ ಅಂದಿದ್ದೆ ಪಪ್ಪ," ಎಂದು ಹೇಳಿದವಳು, ಯಾರೂ ಮತ್ತೊಮ್ಮೆ ಹೇಳುವ ಮೊದಲೇ ಎಲ್ಲವನ್ನೂ ಎತ್ತಿ ಮಂಚದ ಕೆಳಗೆ ತಳ್ಳಿದಳು. ಸಂಜೆ ಎಲ್ಲರೂ ಮೇಜಿನ ಮೇಲೆ ಉಂಡರು. ಕುರ್ಚಿಯಲ್ಲಿ ಕೂತ ಉಮಾವತಿ ಗಂಜಿಯನ್ನು ಕಲಸುತ್ತಲೇ ಇದ್ದರು.

ಮರುದಿನ ಕೊಗ್ಗನನ್ನು ಕ್ಯಾಂಪಿನಿಂದ ಕರೆಸಿದರು. ಊರಿನಲ್ಲಿ ಸಿಪ್ರಿಯನ್ ಮುದುಕಿಯನ್ನು ಪೇಟೆಯ ದಿನಸಿ ಅಂಗಡಿಯ ಫೋನಿನ ಹತ್ತಿರ ಕರೆತರುವುದು ಎಂದಾಗಿತ್ತು. "ನಾನು ಕಳಿಸಿದ್ದು ಕೊಗ್ಗಾ," ಎಂದಳು ವಾರಿಜಾಕ್ಷಿ.

"ಗೊತ್ತುಂಟು ಅಕ್ಕ," ಎಂದ. ಫೋನಿನ ಹತ್ತಿರ ಕುರ್ಚಿಯಿದ್ದರೂ ನಿಂತೇ ಇದ್ದ.

ಲೈನು ಸಿಕ್ಕಿದ ಮೇಲೆ ಅವನು ಗಟ್ಟಿಯಾಗಿ ಕೂಗಿದ. "ಅಮ್ಮಾ, ನಾನು. ಕೊಗ್ಗ. ಎಂತ ಆಗ್ಲಿಲ್ಲ ನನಗೆ."

ಆ ಕಡೆಯ ಸ್ವರ ತೆಳ್ಳಗಿತ್ತು, ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುತ್ತಿತ್ತು. "ಯಾರು ಮಗಾ ನೀನು?"

"ಕೊಗ್ಗ ಅಮ್ಮಾ. ಸಣ್ಣದಿರುವಾಗ ಬಾವಿಕಟ್ಟೆಯಿಂದ ಬಿದ್ದು ಗಲ್ಲ ಒಡ್ಕೊಂಡಿದ್ದೆ, ನೀನು ಅರಸಿನ ಒತ್ತಿದ್ದಿ. ನೆನಪುಂಟಾ?"

"ಅವ ನಿನಗೆ ಹೇಳಿರ್ಬೇಕು. ಒಟ್ಟಿಗೆ ಮಲಗಿದವರಲ್ವಾ." ಆ ಕಡೆ ಮುದುಕಿ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ನನ್ನ ಮಗನ ಸ್ವರ ಇಷ್ಟು ದಪ್ಪ ಇಲ್ಲ. ನೀನು ಒಳ್ಳೆಯ ಹುಡುಗ. ನನಗೋಸ್ಕರ ದುಡ್ಡು ಖರ್ಚು ಮಾಡ್ಬೇಡ. ನಿನ್ನ ಅಮ್ಮನ ಹತ್ತಿರ ಮಾತಾಡು."

ಆಮೇಲೆ ಸಿಪ್ರಿಯನ್ ಮಾತಾಡಿದ, ಅಂಗಡಿಯವನು ಮಾತಾಡಿದ. ಮುದುಕಿ ಮತ್ತೆ ಫೋನು ಮುಟ್ಟಲಿಲ್ಲ. ಕೊಗ್ಗ ರಿಸೀವರನ್ನು ಇಟ್ಟು, ಅದರ ವೈರು ಸುತ್ತಿಕೊಂಡದ್ದನ್ನು ಬಿಡಿಸಿ ನೆಟ್ಟಗೆ ಮಾಡಿದ.

ಭೋಜರಾಜ ಅವನ ರಜೆಗಾಗಿ ಮ್ಯಾನೇಜರನ ಮುಂದೆ ಹೋಗಿ ನಿಂತ. ಕೆಲಸ ತುರ್ತಿನದು, ಜನವರಿ ಕಳೆಯಲಿ, ಸತ್ತವರು ಯಾರೂ ಇಲ್ಲವಲ್ಲ ಎಂದರು. ಎಂದೂ ಎದುರಾಡದ ಮನುಷ್ಯ ಅಂದು ಮ್ಯಾನೇಜರನ ಮೇಜು ಗುದ್ದಿದ. ಅದನ್ನು ಮನೆಯಲ್ಲಿ ಹೇಳಿದವನು ಅವನಲ್ಲ, ಆಫೀಸಿನ ಚಹಾದ ಕುಂಞಮ್ಮದ್. ಮತ್ತೆ ಮತ್ತೆ ಹೋಗಿ ಕೇಳಿ, ಕೊನೆಗೆ ಪಾಸ್‌ಪೋರ್ಟನ್ನೂ ಟಿಕೇಟನ್ನೂ ಕೈಗೆ ತೆಗೆದುಕೊಂಡ ದಿನವೇ ಸಿಪ್ರಿಯನ್‌ನ ಫೋನು ಬಂತು. ಮುದುಕಿ ಆ ಸೀರೆಯನ್ನು ಉಡಲಿಲ್ಲವಂತೆ. ಚಿತ್ರದ ಮುಂದೆ ಮಲಗಿದವಳು ನೀರು ಸಹ ಬೇಡವೆಂದಳಂತೆ. ಬೆಳಿಗ್ಗೆ ಮಗಳು ಬಂದು ನೋಡುವಾಗ ಮುಗಿದಿತ್ತು.

ಆ ವಾರದ ಶುಕ್ರವಾರ ಕೊಗ್ಗ ಬಂದ. ತಲೆ ಬೋಳಿಸಿಕೊಂಡಿದ್ದ. ಮರುದಿನ ಅವನ ವಿಮಾನ. ವಾರಿಜಾಕ್ಷಿ ಬಾಗಿಲು ತೆರೆದು ದಾರಿ ಬಿಟ್ಟಳು. ಅವನು ನೇರ ಹರಿಣಾಕ್ಷಿಯ ಹತ್ತಿರ ಹೋದ. ಹುಡುಗಿ ಲೆಕ್ಕದ ಪುಸ್ತಕ ಹಿಡಿದಿದ್ದಳು. ಎರಡು ವಾರದಿಂದ ಅದೇ ಪುಟ.

"ಮಗಾ, ಅಮ್ಮನ ಒಂದು ಚಿತ್ರ ಬೇಕಿತ್ತು. ಬೊಜ್ಜಕ್ಕೆ."

"ಫೋಟೋ?"

"ಇಲ್ಲ. ಅವಳು ಒಮ್ಮೆಯೂ ತೆಗೆಸಿಲ್ಲ."

"ನಾನು ಅವರನ್ನು ನೋಡಿಲ್ಲ ಕೊಗ್ಗಣ್ಣ. ಮತ್ತೆ ನಾನೀಗ ಬರೆಯುವುದಿಲ್ಲ."

"ನನ್ನನ್ನು ನೋಡಿದ್ದಿಯಲ್ವಾ. ಅವಳದ್ದೇ ಮುಖ ನನಗೆ, ಎಲ್ಲರೂ ಹೇಳ್ತಾರೆ."

ಹುಡುಗಿ ತಂದೆಯ ಕಡೆ ನೋಡಿದಳು. ಭೋಜರಾಜ ಕಿಟಕಿಯ ಕಡೆ ತಿರುಗಿದ. ಆಗ ಎದ್ದವರು ಉಮಾವತಿ. ನೋಯುವ ಮಂಡಿಯನ್ನು ನೆಲಕ್ಕೂರಿ, ಮಂಚದ ಕೆಳಗೆ ಕೈಹಾಕಿ, ಹಾಳೆಯನ್ನೂ ಪೆನ್ಸಿಲಿನ ಡಬ್ಬವನ್ನೂ ಎಳೆದು ತಂದು ಮೊಮ್ಮಗಳ ಮುಂದಿಟ್ಟರು. "ಬರಿ," ಎಂದರು.

ಕೊಗ್ಗ ಕಿಟಕಿಯ ಹತ್ತಿರ ಕೂತ. ಈ ಸಲ ಅವನು ಅಲುಗಾಡಲಿಲ್ಲ. ಹರಿಣಾಕ್ಷಿ ಅವನ ಮೂಗನ್ನೂ ಗಲ್ಲವನ್ನೂ ತೆಗೆದುಕೊಂಡಳು. ಕೆನ್ನೆಗೆ ವಯಸ್ಸು ತುಂಬಲು ಅಜ್ಜಿಯ ಕೆನ್ನೆಯನ್ನು ನೋಡಿದಳು. ಹಣೆಯಲ್ಲಿ ಕುಂಕುಮ ಇಡುವುದಿಲ್ಲ, ಮೂಗುತಿ ಎಡಕ್ಕೆ, ಎಲೆ ಅಡಿಕೆ ತಿಂದು ಕೆಳತುಟಿ ಸ್ವಲ್ಪ ಜೋತಿದೆ, ಎಂದು ಕೊಗ್ಗ ಹೇಳುತ್ತಾ ಹೋದ. ಕೇಳಿದ್ದನ್ನೆಲ್ಲ ಅವಳು ಬರೆಯುತ್ತಾ ಹೋದಳು. ಹಾಳೆಯ ಮೇಲೆ ಒಬ್ಬ ಮುದುಕಿ ಕಾಣಿಸತೊಡಗಿದಳು.

"ಅಮ್ಮನ ಹಾಗುಂಟಾ?"

ಕೊಗ್ಗ ಬಹಳ ಹೊತ್ತು ನೋಡಿದ. "ಯಾರದೋ ಅಮ್ಮನ ಹಾಗುಂಟು. ಇರ್ಲಿ. ಬರಿ."

"ಕಿವಿ? ಓಲೆ ಇತ್ತಾ? ತೂತು ದೊಡ್ಡದಾ?"

ಕೊಗ್ಗ ತನ್ನ ಕಿವಿಯನ್ನೇ ಬೆರಳಿನಿಂದ ಮುಟ್ಟಿ ನೋಡಿಕೊಂಡ. ಅಡುಗೆಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು, ವಾರಿಜಾಕ್ಷಿ ಹೋಗಿ ಒಲೆ ಸಣ್ಣ ಮಾಡಿ ಬಂದಳು.

"ನೆನಪಾಗ್ತಾ ಇಲ್ಲ," ಎಂದ.

ಹರಿಣಾಕ್ಷಿ ಮತ್ತೆ ಕೇಳಲಿಲ್ಲ. ಪೆನ್ಸಿಲನ್ನು ಓರೆ ಹಿಡಿದು, ಮುದುಕಿಯ ಸೆರಗನ್ನು ಭುಜದಿಂದ ಮೇಲಕ್ಕೆ ತಂದು, ಎರಡೂ ಕಿವಿ ಮುಚ್ಚುವ ಹಾಗೆ ತಲೆಯ ಮೇಲೆ ಹೊದೆಸಿದಳು.

"ಹೌದು," ಎಂದ ಕೊಗ್ಗ. "ಬಿಸಿಲಿಗೆ ಹಾಗೆ ಹಾಕ್ತಾ ಇದ್ದಳು."

ನಿಜವೋ ಅಲ್ಲವೋ, ಅವನನ್ನು ಯಾರೂ ಕೇಳಲಿಲ್ಲ. ಹುಡುಗಿ ಸೆರಗಿನ ನೆರಿಗೆಗಳನ್ನು ಒಂದೊಂದಾಗಿ ತುಂಬುತ್ತಾ ಬಂದಳು.